ಮಗಳ ಭುಜ ಅಳೆದವರು

ಮಾಳಮಡ್ಡಿಯಲ್ಲಿ ನಮಗೆ ಬಟ್ಟೆ ಹೊಲಿಯುತ್ತಿದ್ದ ಅಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಳತೆ ತೆಗೆಯುತ್ತಿದ್ದರು. ಎಲ್ಲರಿಗೂ ಅವರದು ಒಂದೇ ಮಾತು: "ಉಸರು ಬಿಡ್ರಿ."

ಆ ದಿನ ಹದಿಮೂರು ವರ್ಷದ ನನ್ನ ಮಗಳ ಭುಜವನ್ನು ಎರಡು ಸಲ ಅಳೆದವರು ಸೂಜಿಗಳನ್ನು ತೆಗೆದಿಟ್ಟರು.

"ಬಲಗಡಿ ಭುಜ ಮ್ಯಾಲ ಐತ್ರಿ. ಹೋದ ವರ್ಷ ಹಿಂಗ ಇರಲಿಲ್ಲ."

"ಸೊಟ್ಟ ಕೂಡ್ತಾಳ್ರಿ. ದಿನಾ ಬೈತೇನಿ, ಕೇಳಂಗಿಲ್ಲ," ಎಂದೆ.

ಅವರು ಮಗಳನ್ನು ಮುಂದಕ್ಕೆ ಬಗ್ಗಿಸಿದರು. ಬೆನ್ನಿನ ಒಂದು ಬದಿ ದಿಬ್ಬದಂತೆ ಎದ್ದಿತು. ಹೆತ್ತವಳ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

"ನಮ್ಮ ತಂಗೀದೂ ಹಿಂಗ ಇತ್ತು, ತಡಾ ಮಾಡಿದ್ವಿ. ನೀವು ಲಗೂ ತೋರಸ್ರಿ."

ಸತ್ತೂರಿನ ಆಸ್ಪತ್ರೆಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಬೆನ್ನೆಲುಬು ಹಾವಿನಂತೆ ಬಾಗಿತ್ತು.

"ಇದು ಸ್ಕೋಲಿಯೋಸಿಸ್. ಸೊಟ್ಟ ಕೂತದ್ದಕ್ಕ ಬರೂದಲ್ರಿ," ಎಂದರು ಡಾಕ್ಟರು. "ಬೆಳಿಯೋ ವಯಸ್ಸು. ಈಗ ಬೆನ್ನಿಗೆ ಕವಚದಂಗ ಬ್ರೇಸ್ ಹಾಕಿದ್ರ ಬಾಗು ಹೆಚ್ಚಾಗೂದು ತಡೀಬಹುದು." ಮಗಳು ಬಿಕ್ಕಿ ಬಿಕ್ಕಿ ಅತ್ತಳು.

ಆ ಗಟ್ಟಿ ಬ್ರೇಸಿನ ಮೇಲೆ ಹಿಡಿಸುವಂಥ ಅಂಗಿಗಳನ್ನು ಅಕ್ಕನೇ ಹೊಲಿದುಕೊಟ್ಟರು. ಎರಡು ವರ್ಷದ ಮೇಲೆ, ಬಾಗು ಹೆಚ್ಚಿಲ್ಲವೆಂದು ಡಾಕ್ಟರು ಹೇಳಿದ ದಿನ, ಆ ಸುದ್ದಿ ಹೇಳಲು ಅವರ ಮನೆಗೆ ಓಡಿದೆ.

"ಛಲೋ ಆತ್ರಿ," ಎಂದವರು ನನ್ನ ಮುಖ ನೋಡಿದರು. "ಸುಮ್ಮಸುಮ್ಮನ ಬೈದದ್ದಕ್ಕ ಮಗಳ ಮುಂದ ತಪ್ಪಾತು ಅಂದೀರೇನ್ರಿ?"

ಅಂದಿರಲಿಲ್ಲ. ಅನ್ನಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.