ತಡ ಮಾಡದೆ ಬಂದ ಉತ್ತರ

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ ನಡೆದ ಸಂಗತಿ ಇದು. ಅಷ್ಟೊತ್ತಿಗೆ ನಾನು ಕೊಲ್ಲಾಪುರದ ಒಂದು ಸಂಸ್ಥೆಯಲ್ಲಿ ಆನ್‌ಲೈನ್ ಸಮೀಕ್ಷೆಯ ಕೆಲಸಕ್ಕೆ ಸೇರಿ ವರ್ಷ ದಾಟಿತ್ತು. ಜಿಲ್ಲೆಯ ಡಾಕ್ಟರು, ನರ್ಸುಗಳ ಮೊಬೈಲಿಗೆ ಪ್ರತಿ ತಿಂಗಳೂ ಒಂದು ಲಿಂಕ್ ಕಳಿಸಬೇಕು. ಎಂಥ ರೋಗಿಗಳು ಬಂದರು, ಔಷಧಿ ಸಾಕಾಯಿತೇ, ನಿಮಗೆ ವಿಶ್ರಾಂತಿ ಸಿಕ್ಕಿತೇ ಎಂದು ಪ್ರತಿ ಸಲವೂ ಅವೇ ಪ್ರಶ್ನೆಗಳು. ಉತ್ತರ ತುಂಬಿದವರ ನಂಬರಿನ ಮುಂದೆ ನನ್ನ ಕಂಪ್ಯೂಟರಿನಲ್ಲಿ ಹಸಿರು ಗುರುತು ಬೀಳುತ್ತದೆ. ತುಂಬದವರಿಗೆ ಫೋನ್ ಮಾಡಿ ಗೋಗರೆಯುವುದೇ ನನ್ನ ಉದ್ಯೋಗ.

ಇಚಲಕರಂಜಿಯಲ್ಲಿ ಜನ್ಮವಿಡೀ ಪವರ್‌ಲೂಮಿಗೆ ನೂಲಿನ ಕಂಡಿಕೆ ಸುತ್ತಿದ ನಮ್ಮವ್ವನಿಗೆ ಇದು ದೊಡ್ಡ ತಮಾಷೆ. "ಮಂದಿಗೆ ಪ್ರಶ್ನೆ ಕೇಳಾಕ ಪಗಾರ ಕೊಡ್ತಾರೇನ? ಹಂಗಾದ್ರ ನಮ್ಮ ಗಲ್ಲಿ ಹೆಂಗಸರೆಲ್ಲ ಯಾವಾಗೋ ಶ್ರೀಮಂತರಾಗಬೇಕಿತ್ತಲ್ಲ!" ಎನ್ನುತ್ತಿದ್ದಳು.

ಉತ್ತರ ತುಂಬಲು ಸತಾಯಿಸುವವರಲ್ಲಿ ಸುಶೀಲಾ ಸಿಸ್ಟರ್ ಮೊದಲಿಗರು. ಗಡಹಿಂಗ್ಲಜದ ಕಡೆ, ಮಹಾಗಾಂವದ ಆಚೆಗಿನ ಒಂದು ಆರೋಗ್ಯ ಉಪಕೇಂದ್ರದ ನರ್ಸ್ ಅವರು. ಕೊನೆಯ ದಿನದವರೆಗೂ ಅವರ ಉತ್ತರವೇ ಬರುತ್ತಿರಲಿಲ್ಲ. ಮೊದಲ ಸಲ ಫೋನ್ ಮಾಡಿ ಮರಾಠಿಯಲ್ಲಿ ಶುರು ಮಾಡಿದ ನಾನು, ಅವರು ಪಕ್ಕದವರಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ಕನ್ನಡಕ್ಕೆ ಹೊರಳಿದೆ. ಅವರಿಗೆ ಭಾಳ ಖುಷಿಯಾಯಿತು. ಅಂದಿನಿಂದ ಬೇಕೆಂದೇ ತಡ ಮಾಡತೊಡಗಿದರು. "ಲಗೂನ ತುಂಬಿದ್ರ ನೀ ಎಲ್ಲಿ ಫೋನ್ ಮಾಡ್ತೀಯವಾ? ನಿನ್ನ ಕೂಡ ನಾಕ ಮಾತ ಆಡಿದ್ರ ನನಗೂ ಹಗುರ ಅನಸ್ತೈತಿ" ಎಂದು ನಗುತ್ತಿದ್ದರು. ನಾನು ಪ್ರಶ್ನೆ ಓದುವುದು, ಅವರು ಉತ್ತರಿಸುತ್ತ ತಮ್ಮ ಫೋನಿನಲ್ಲಿ ಒತ್ತುವುದು. ವಿಶ್ರಾಂತಿಯ ಪ್ರಶ್ನೆ ಬಂದಾಗ ಮಾತ್ರ, "ಅದನ್ನ ಬಿಟ್ಟ ಮುಂದಿಂದ ಕೇಳ" ಎನ್ನುತ್ತಿದ್ದರು.

ಒಂದು ಸಲ ರಜೆಯ ದಿನ ಮನೆಯಿಂದಲೇ ಫೋನ್ ಮಾಡಿದ್ದೆ. ಹಿಂದೆ ಅವ್ವ ಕೆಮ್ಮುತ್ತಿದ್ದಳು.

"ಯಾರವಾ ಕೆಮ್ಮಾಕತ್ತಾರ?"

"ನಮ್ಮವ್ವ. ಹತ್ತಿ ಧೂಳರಿ. ಲೂಮಿನ ಮಂದಿಗೆ ಇದ್ದದ್ದ ಅದು."

"ಧೂಳಿನ ಕೆಮ್ಮ ಹಿಂಗ ಇರೂದಿಲ್ಲ. ನಾಳೆನ ಕಫ ತಪಾಸಣಿ ಮಾಡಸ. ಉದಾಸೀನ ಮಾಡಬ್ಯಾಡ."

ಮಾಡಿಸಿದೆವು. ಕ್ಷಯ ಎಂದಾಯಿತು. ಅವ್ವ ಅತ್ತಳು. ಗಲ್ಲಿಯವರಿಗೆ ಗೊತ್ತಾದರೆ ಏನು ಗತಿ ಎಂದು ಬಾಗಿಲು ಹಾಕಿಕೊಂಡು ಕೂತಳು. ಗುಳಿಗೆ ಶುರುವಾದ ಮೇಲೆ ವಾಂತಿ ಬಂದು, "ನನಗ ಬ್ಯಾಡ, ಸತ್ರ ಸಾಯ್ತೇನಿ" ಎಂದು ಹಟ ಹಿಡಿದಳು. ನನ್ನ ಮಾತು ಯಾವಾಗ ಕೇಳಿದ್ದಾಳೆ! ಆದರೆ ಸುಶೀಲಾ ಸಿಸ್ಟರ್, "ಫೋನ್ ಅವ್ವಗ ಕೊಡ" ಎಂದು ಬೈದರೆ ತೆಪ್ಪಗೆ ನುಂಗುತ್ತಿದ್ದಳು. "ಅಕ್ಕಾರ, ಗುಳಿಗಿ ಮುಗಸ್ರಿ. ಆಮ್ಯಾಲ ನಮ್ಮ ಕಡೆ ಬರ್ರಿ, ಘಮಘಮಾ ಅನ್ನೂ ಆಜರಾ ಅಕ್ಕಿ ಅನ್ನ ಮಾಡಿ ಹಾಕ್ತೇನಿ" ಎಂದು ಆಸೆ ಹಚ್ಚಿದ್ದರು.

ಮಳೆಗಾಲದ ಒಂದು ತಿಂಗಳು ಲಿಂಕ್ ಕಳಿಸಿದ ದಿನವೇ ಅವರ ನಂಬರಿಗೆ ಹಸಿರು ಗುರುತು ಬಿತ್ತು. ನನಗೆ ನಗು ಬಂತು. ಮುಂದಿನ ತಿಂಗಳೂ ಹಾಗೆಯೇ ಆಯಿತು, ಅದರ ಮುಂದಿನ ತಿಂಗಳೂ. ತುಂಬಿದವರಿಗೆ ಫೋನ್ ಮಾಡಿ ಕಾಡಬಾರದು ಎಂಬುದು ಆಫೀಸಿನ ನಿಯಮ. ಅವ್ವನೂ ಅಷ್ಟರಲ್ಲಿ ಹಟ ಬಿಟ್ಟು ತಾನೇ ಗುಳಿಗೆ ನುಂಗುತ್ತಿದ್ದಳು, ಹಾಗಾಗಿ ನಾನೂ ಫೋನ್ ಮಾಡಲಿಲ್ಲ. "ಸಿಸ್ಟರ್ ಯಾಕ ಮಾತಾಡವಲ್ಲರು?" ಎಂದು ಅವ್ವ ಕೇಳಿದರೆ, "ಅವರೀಗ ಶಾಣ್ಯಾ ಆಗ್ಯಾರ ಬಿಡವಾ" ಎಂದು ಚೇಷ್ಟೆ ಮಾಡಿದೆ.

ದೀಪಾವಳಿಯ ಹೊತ್ತಿಗೆ ಅವ್ವನ ಗುಳಿಗೆ ಮುಗಿದು, ಪೂರ್ತಿ ಗುಣವಾಗಿದೆ ಎಂದು ಡಾಕ್ಟರು ಹೇಳಿದರು. ಸಿಸ್ಟರಿಗೆ ತನ್ನ ಕೈಯಾರೆ ಉಡಿ ತುಂಬಬೇಕೆಂದು ಅವ್ವ ಹೊರಟು ನಿಂತಳು. ಹಸಿರು ಸೀರೆ, ಕುಬಸದ ಕಣ, ಕಾಯಿ, ಅಕ್ಕಿ ಎಲ್ಲ ಚೀಲದಲ್ಲಿತ್ತು. ಮೊದಲೇ ಹೇಳಿದರೆ ಸೀರೆ ಬೇಡ ಎನ್ನುತ್ತಾರೆಂದು ನನಗೆ ಫೋನ್ ಮಾಡಲು ಬಿಡಲಿಲ್ಲ. ಕೊಲ್ಲಾಪುರದಲ್ಲಿ ಬಸ್ ಬದಲಿಸಿ ಗಡಹಿಂಗ್ಲಜಕ್ಕೆ, ಅಲ್ಲಿಂದ ಮಂದಿ ತುಂಬಿದ ಮೇಲೆಯೇ ಹೊರಡುವ ವಡಾಪ್ ಜೀಪಿನಲ್ಲಿ ಒತ್ತಿಕೊಂಡು ಕೂತು ಆ ಊರಿಗೆ ಹೋದೆವು. ದಾರಿಯುದ್ದಕ್ಕೂ ಅವ್ವನ ಬಾಯಿ ಸುಮ್ಮನಿರಲಿಲ್ಲ.

ಉಪಕೇಂದ್ರದಲ್ಲಿ ಸಣ್ಣ ವಯಸ್ಸಿನ ಒಬ್ಬ ನರ್ಸ್ ಕೂತಿದ್ದಳು. "ಬಸಾ ನಾ" ಎಂದು ಕುರ್ಚಿ ತೋರಿಸಿದಳು. ನಮ್ಮ ಕನ್ನಡ ಕೇಳಿ ತಾನೂ ಕನ್ನಡಕ್ಕೆ ಬಂದಳು. ಸುಶೀಲಾ ಸಿಸ್ಟರ್ ಎಲ್ಲಿ ಎಂದದ್ದಕ್ಕೆ ನಮ್ಮ ಮುಖವನ್ನೇ ನೋಡಿದಳು.

"ನಿಮಗ ಗೊತ್ತಿಲ್ಲೇನ್ರಿ? ಅವರು ಹೋಗಿಬಿಟ್ರಲ್ಲ. ಮಳಿಗಾಲದಾಗ ಡೆಂಗಿ ಆತು. ಊರ ತುಂಬ ಜ್ವರ ಇತ್ತಂತ ತಮ್ಮ ಜ್ವರದಾಗೂ ಮನಿ ಮನಿ ತಿರಗ್ಯಾರ. ದವಾಖಾನಿಗೆ ಒಯ್ಯೂದ್ರಾಗ ಭಾಳ ತಡಾ ಆಗಿತ್ತಂತರಿ."

"ಆದ್ರ ಅವರ ನಂಬರಿಂದ ತಿಂಗಳಾ ಉತ್ತರ ಬರತೈತಲ್ಲ!" ಎಂದೆ. ಅವಳು ಮೇಜಿನ ಮೇಲಿದ್ದ ಫೋನ್ ತೋರಿಸಿದಳು. ಆ ಸಿಮ್ ಉಪಕೇಂದ್ರದ್ದಂತೆ. ಯಾರು ಡ್ಯೂಟಿಗೆ ಬರುತ್ತಾರೋ ಅವರ ಕೈಗೆ ಹೋಗುತ್ತದೆ. "ಲಿಂಕ್ ಬಂದ ಕೂಡ್ಲೆ ನಾನ ತುಂಬತೇನ್ರಿ" ಎಂದಳು. ನಮ್ಮ ಸಮೀಕ್ಷೆಯಲ್ಲಿ ಹೆಸರು ಕೇಳುವಂತಿಲ್ಲ. ನಾನು ನಕ್ಕು ಖುಷಿಪಟ್ಟ ಆ ಮೊದಲ ಹಸಿರು ಗುರುತಿನ ಹೊತ್ತಿಗೆ ಸಿಸ್ಟರ್ ಮಣ್ಣಾಗಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತೆ.

ಒಳಗೆ ಬಂದು ನೋಡಿದರೆ ಅವ್ವ ಆ ಹೊಸ ನರ್ಸಿಗೆ ಕುಂಕುಮ ಹಚ್ಚುತ್ತಿದ್ದಳು. ಆಕೆ "ನನಗ್ಯಾಕ್ರಿ? ಇದು ಅವರದು" ಎಂದು ಹಿಂದೆ ಸರಿದಳು. ಅವ್ವ ಬಿಡಲಿಲ್ಲ. ಸೀರೆ, ಕಾಯಿ, ಅಕ್ಕಿ ಎಲ್ಲವನ್ನೂ ಆಕೆಯ ಸೆರಗಿಗೆ ಹಾಕಿದಳು. ಒಂದಿಷ್ಟು ಅಕ್ಕಿ ನೆಲಕ್ಕೂ ಚೆಲ್ಲಿತು. "ನನ್ನ ಮಗಳೇ, ನಿನಗ ಜ್ವರ ಬಂದ್ರ ನೀ ಮಲ್ಕೋಬೇಕ ನೋಡ" ಎಂದಳು.

ಸಮೀಕ್ಷೆ ಈಗಲೂ ತಿಂಗಳಾ ನಡೆದಿದೆ. ಯಾವಾಗಲೂ ತಡ ಮಾಡುವವರ ಉತ್ತರ ಬೇಗ ಬಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ನಿಯಮ ಬದಿಗಿಟ್ಟು ಫೋನ್ ಮಾಡಿಬಿಡುತ್ತೇನೆ. ಆ ಕಡೆಯಿಂದ ಗುರುತಿನ ದನಿಯೇ, "ತುಂಬೇನಲ್ರಿ ಮೇಡಂ, ಮತ್ಯಾಕ ಜೀವಾ ತಿಂತೀರಿ?" ಎಂದು ಸಿಡುಕಿದರೆ ಜೀವ ಬಂದಂತಾಗುತ್ತದೆ.