ಅಕ್ಕ ಎದ್ದು ನಿಂತ ಪಾಠ

ರಾಮದುರ್ಗ, ಸವದತ್ತಿ ಕಡೆಯ ಹುಡುಗಿಯರು ನನಗೆ ಫೋನ್ ಮಾಡುತ್ತಾರೆ. ಯಾರೋ ಯಾರಿಗೋ ನಂಬರ್ ಕೊಟ್ಟಿರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: “ಮೇಡಂ, ಆನ್‌ಲೈನ್ ಸರ್ಟಿಫಿಕೇಟ್ ಮಾಡಿದ್ರ ಫಾರಿನ್‌ದಾಗ ಇಂಗ್ಲಿಷ್ ಕಲಿಸೋ ಕೆಲಸ ಖರೇನ ಸಿಗತೈತೇನ್ರಿ?” ನಾನು ಈಗ ವಿಯೆಟ್ನಾಮಿನ ಒಂದು ಸಣ್ಣ ಊರಿನಲ್ಲಿ ಅದೇ ಕೆಲಸದಲ್ಲಿರುವುದರಿಂದ ನನ್ನ ಮಾತಿಗೂ ಒಂದು ಬೆಲೆ ಬಂದಿದೆ. ಉತ್ತರ ಬಾಯಿಪಾಠವಾಗಿದೆ. ಸರ್ಟಿಫಿಕೇಟ್ ಬೇಕು, ಆದರೆ ಅದೊಂದೇ ಸಾಲದು. ಡಿಗ್ರಿ ಬೇಕು, ಅದನ್ನು ಮಾತ್ರ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ವೀಸಾಕ್ಕೆಂದು ಅದರ ಮೇಲೆ ಮೊಹರು ಹಾಕುವವರು ತಕರಾರು ತೆಗೆಯುತ್ತಾರೆ. ಕೆಲಸ ಖಾತ್ರಿ ಎಂದು ಜಾಹೀರಾತು ಕೊಡುವವರನ್ನು ಬಾಗಿಲಿಂದಾಚೆ ಇಡಿ. ಕೊನೆಗೆ, ನೀವು ಪಾಠ ಮಾಡುವುದನ್ನು ಕೆಲಸ ಕೊಡುವ ಶಾಲೆಯವರು ಕಣ್ಣಾರೆ ನೋಡಬೇಕು. ಇಷ್ಟು ಹೇಳಿ ಫೋನ್ ಇಡುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ನನಗೆ ಯಾವ ಕೆಲಸವೂ ಆಗುವುದಿಲ್ಲ. ನನ್ನ ಪಾಠವನ್ನು ಅವರು ನೋಡಿದ್ದು ಹೇಗೆ ಎಂಬುದನ್ನು ನಾನು ಆ ಹುಡುಗಿಯರಿಗೆ ಈವರೆಗೆ ಹೇಳಿಲ್ಲ.

ಆಗ ನಾನು ಬೈಲಹೊಂಗಲದಲ್ಲಿ ಅಕ್ಕನ ಮನೆಯಲ್ಲಿದ್ದೆ. ನಮ್ಮ ತವರು ಕಟಕೋಳ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಅಕ್ಕ ನನ್ನನ್ನು ತನ್ನ ಗಂಡನ ಮನೆಗೇ ಕರೆದುಕೊಂಡು ಬಂದಿದ್ದಳು. ನಾನು ದಿನಾ ಬಸ್ಸಿನಲ್ಲಿ ಕಿತ್ತೂರಿಗೆ ಹೋಗಿ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಲಿಸುವುದೆಂದರೆ ನಾನು ಓದುವುದು, ಮಕ್ಕಳು ಕೂಗುವುದು. ಅಕ್ಕ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಭಾವ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಇನ್ನು ಭಾವನ ತಂದೆ. ಅವರನ್ನು ಅಕ್ಕನಂತೆ ನಾನೂ ಮಾವ ಎಂದೇ ಕರೆಯುತ್ತಿದ್ದೆ. ಮಾತು ಕಡಿಮೆ, ಕೆಮ್ಮು ಜಾಸ್ತಿ. ಮುಂದಿನ ಪಡಸಾಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಇರುತ್ತಿದ್ದರು.

ಹಿತ್ತಲಿಗೆ ಹೋಗಬೇಕೆಂದರೆ ಅವರು ನಡುಮನೆ ದಾಟಬೇಕು. ಹೊಸ್ತಿಲಲ್ಲಿ ಒಮ್ಮೆ ಕೆಮ್ಮುವರು. ಆ ಕೆಮ್ಮು ಕಿವಿಗೆ ಬಿದ್ದ ಕೂಡಲೇ ಅಕ್ಕ ಯಾವ ಕೆಲಸದಲ್ಲಿದ್ದರೂ ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದು, ಬಾಯಿ ಮುಚ್ಚಿಕೊಂಡು ನಿಲ್ಲುವಳು. ಅವರು ಹೋಗಿ, ಕೈಕಾಲು ತೊಳೆದು, ಮತ್ತೆ ದಾಟಿ ಹೊರಸಿನ ಮೇಲೆ ಕುಳಿತ ಸದ್ದು ಬಂದ ಮೇಲೆಯೇ ಕೂರುವಳು. ಅರ್ಧ ಹೇಳಿದ ಮಾತನ್ನು ಅಲ್ಲಿಂದಲೇ ಮುಂದುವರಿಸುವಳು. ನನಗೆ ಮೈ ಉರಿಯುತ್ತಿತ್ತು. “ನೀ ಏನ್ ಸಿಗ್ನಲ್ ಕಂಬ ಏನ?” ಎಂದು ಕಾಡುತ್ತಿದ್ದೆ.

“ಸುಮ್ನಿರ ನೀ. ಹಿರಿಯಾರು ಅಡ್ಡಾಡೂಮುಂದ ಬಾಯಿ ಬಡಕೊಂತ ಕುಂತ್ರ ಚಂದ ಕಾಣತೈತೇನು?” ಎನ್ನುವಳು ಅಕ್ಕ. ವಾದ ಅಲ್ಲಿಗೆ ಮುಗಿಯುತ್ತಿತ್ತು.

ಆ ಕೋರ್ಸನ್ನು ನಾನು ಮೊಬೈಲಿನಲ್ಲೇ ಮಾಡಿದೆ. ಬಸ್ಸಿನಲ್ಲಿ ಕುಳಿತು ಪಾಠ ಕೇಳುವುದು, ಮನೆಗೆ ಬಂದು ಪ್ರಶ್ನೆಗಳಿಗೆ ಉತ್ತರ ಒತ್ತುವುದು. ಕೊನೆಯದೊಂದು ಕೆಲಸ ಮಾತ್ರ ಒತ್ತಿದರೆ ಮುಗಿಯುವಂಥದ್ದಲ್ಲ: ಇಂಗ್ಲಿಷ್ ಬಾರದ ಒಬ್ಬರಿಗೆ ಪಾಠ ಮಾಡಿ, ಅದನ್ನು ಕತ್ತರಿಸದೆ ವೀಡಿಯೊ ಮಾಡಿ ಕಳಿಸಬೇಕು. ಶಾಲೆಯಲ್ಲಿ ಮೊಬೈಲು ಹೊರಗೆ ತೆಗೆಯುವಂತಿರಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ಅಕ್ಕ ಹಿಟ್ಟಿನ ಕೈಯಲ್ಲೇ ಹೇಳಿದಳು: “ನನಗ ಕಲಿಸು. ನನ್ನಷ್ಟು ಬರಲಾರದಾಕಿ ನಿನಗ ಈ ಬೈಲಹೊಂಗಲದಾಗ ಯಾರ ಸಿಗತಾರು?”

ದಿನಚರಿ ಹೇಳುವ ಪಾಠ. ಅಕ್ಕ ಅದನ್ನು ರೊಟ್ಟಿ ಬಡಿಯುತ್ತಲೇ ರೂಢಿ ಮಾಡಿದಳು. ಒಂದು ಶಬ್ದಕ್ಕೆ ಒಂದು ಏಟು. ‘ಐ ವೇಕ್ ಅಪ್ ಅಟ್ ಫೈವ್’ ಎನ್ನುವಷ್ಟರಲ್ಲಿ ರೊಟ್ಟಿ ಮರದ ಕೊಣಮಿಗೆಯ ತುಂಬ ಹರಡಿರುತ್ತಿತ್ತು. ‘ಐ ಮೇಕ್ ರೊಟ್ಟಿ’ ಎನ್ನುವಾಗ ಅದು ಹೆಂಚಿನ ಮೇಲೆ. ರೊಟ್ಟಿಗೆ ಇಂಗ್ಲಿಷಿನಲ್ಲಿ ಬೇರೆ ಹೆಸರು ಬೇಡ ಎಂದು ಅವಳೇ ತೀರ್ಮಾನ ಮಾಡಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಉಪ್ಪಿನಕಾಯಿ ಭರಣಿಗೆ ಮೊಬೈಲು ಆನಿಸಿ ಶುರು ಮಾಡಿದೆ. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು ಚಾಪೆಯ ಮೇಲೆ ನೆಟ್ಟಗೆ ಕುಳಿತಿದ್ದಳು. ದಿನಾ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. “ಐ ವೇಕ್ ಅಪ್ ಅಟ್ ಫೈವ್ ರೀ” ಎಂದಳು. ತಂಗಿಯಾದರೂ ಮೇಡಂ ಆದಮೇಲೆ ರೀ ಹಚ್ಚಲೇಬೇಕಂತೆ. ಅಷ್ಟರಲ್ಲಿ ಹೊಸ್ತಿಲಲ್ಲಿ ಕೆಮ್ಮು.

ಅಕ್ಕ ಎದ್ದಳು. ಸೆರಗು ಎಳೆದಳು. ಮಾವ ಹಿತ್ತಲಿಗೆ ಹೋದರು. ತಂಬಿಗೆಯ ಸದ್ದು, ನೀರಿನ ಸದ್ದು. ನಾನು ಕ್ಯಾಮೆರಾದ ಮುಂದೆ ಪೆದ್ದಿಯ ಹಾಗೆ ಕುಳಿತೇ ಇದ್ದೆ. ಅವರು ಮರಳಿ ದಾಟಿ ಹೋದರು, ಹೊರಸು ಕಿರುಗುಟ್ಟಿತು. ಅಕ್ಕ ಕೂತು, ಸೆರಗು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ “ಐ ಮೇಕ್ ರೊಟ್ಟಿ” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅದೂ ವೀಡಿಯೊದಲ್ಲಿದೆ.

ಕೋರ್ಸಿನ ಕಡೆಯಿಂದ ತಿದ್ದಿದವರು ಬರೆದರು: ನಡುವೆ ಪಾಠ ಬಹಳ ಹೊತ್ತು ನಿಂತುಹೋಗಿದೆ, ಶಿಕ್ಷಕಿ ಏನೂ ಮಾಡದೆ ಕುಳಿತಿದ್ದಾರೆ. ಆದರೂ ಪಾಸು ಮಾಡಿದರು. ಸರ್ಟಿಫಿಕೇಟ್ ಬಂದ ದಿನ ಅಕ್ಕ ಅದನ್ನೂ, ಜೊತೆಗೆ ನನ್ನ ಡಿಗ್ರಿಯನ್ನೂ ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಗೆ ಒಯ್ದು, ಹುಳ ತಿಂದಾವು ಎಂದು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಳು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದಳು. ಪಾಠವನ್ನು ಇನ್ನೊಮ್ಮೆ ಚೆನ್ನಾಗಿ ವೀಡಿಯೊ ಮಾಡೋಣ ಎಂದೆ. “ದೀಪಾವಳಿ ಮುಗೀಲಿ, ರೊಟ್ಟಿ ಆರ್ಡರ್ ಭಾಳ ಅದಾವು” ಎಂದಳು.

ದೀಪಾವಳಿಗೆ ಮೊದಲೇ ಅವಳಿಗೆ ಕಾಮಾಲೆಯಾಯಿತು. ಹಳ್ಳಿಯ ಔಷಧಿ, ಊರಿನ ದವಾಖಾನೆ, ಆಮೇಲೆ ಬೆಳಗಾವಿಯ ದೊಡ್ಡ ದವಾಖಾನೆ. ಅಲ್ಲಿಂದ ಅವಳು ಮಾತಾಡುತ್ತಾ ಮರಳಲಿಲ್ಲ. ಗೋಡೆಯ ಮೇಲೆ ನನ್ನ ಸರ್ಟಿಫಿಕೇಟಿನ ಪಕ್ಕದಲ್ಲಿ ಅವಳ ಫೋಟೊ ಬಂತು.

ಆ ಮನೆಯಲ್ಲಿ ನಾನು ಹೆದರಿದೆ. ಹೆದರಿದೆ ಎಂದು ಹೇಳಲು ನಾಚಿಕೆಯೇನಿಲ್ಲ. ಒಪ್ಪಿಕೊಂಡ ರೊಟ್ಟಿ ಕೊಡಲೇಬೇಕಿತ್ತು, ಶಾಲೆಗೆ ಹೋಗುವ ಮೊದಲು ನಾನೇ ಬಡಿಯತೊಡಗಿದೆ. ಕೆಲವು ದಿನಗಳಲ್ಲಿ ನನ್ನ ಕೈಗೆ ಅಕ್ಕನ ಲಯ ಬಂದುಬಿಟ್ಟಿತು. ಒಂದು ಶಬ್ದಕ್ಕೆ ಒಂದು ಏಟು. ಗೊತ್ತಾಗಿ ತಟ್ಟನೆ ಕೈ ನಿಲ್ಲಿಸಿದರೂ ಬಡಿಯುವ ಸದ್ದು ಇನ್ನೆರಡು ಏಟು ಕೇಳುತ್ತಿತ್ತು. ಪಕ್ಕದ ಮನೆಯದಿರಬೇಕು, ಅಲ್ಲಿಯೂ ರೊಟ್ಟಿ ಮಾಡುತ್ತಾರೆ. ನಾನು ವಿಚಾರಿಸಲು ಹೋಗಲಿಲ್ಲ. ಒಮ್ಮೆ ಹೊಗೆಗೆಂದು ತಲೆಗೆ ಬಟ್ಟೆ ಹೊದ್ದು ಕುಳಿತಿದ್ದೆ. ರೊಟ್ಟಿಗೆ ಬಂದ ಹೆಂಗಸು ಬಾಗಿಲಲ್ಲಿ ನಿಂತು “ಅಕ್ಕಾರ” ಎಂದಳು, ನಾನು ತಿರುಗಿದೊಡನೆ ಚೀರಿ ಬುಟ್ಟಿ ಬಿಟ್ಟು ಓಡಿದಳು. ಅವಳಿಗಿಂತ ನಾನೇ ಹೆಚ್ಚು ಬೆದರಿದ್ದೆ.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಮಾವನ ಕೆಮ್ಮು. ಎದ್ದು ನಿಲ್ಲುವವಳು ಇಲ್ಲದಿದ್ದರೂ ಅವರು ಹೊಸ್ತಿಲಲ್ಲಿ ಕೆಮ್ಮುತ್ತಿದ್ದರು. ಕೆಮ್ಮಿ, ಒಬ್ಬರು ಎದ್ದು ಸೆರಗು ಎಳೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು, ಆಮೇಲೆ ಕಣ್ಣು ನೆಲಕ್ಕಿಟ್ಟು ದಾಟುತ್ತಿದ್ದರು. ಖಾಲಿ ಚಾಪೆ ದಾಟಿ ಹೋಗುವ ಆ ಮುದುಕನನ್ನು ನೋಡಿದರೆ ನಾನು ಒಲೆಯ ಕಡೆ ತಿರುಗಿಬಿಡುತ್ತಿದ್ದೆ.

ಆಮೇಲೆ ಸವದತ್ತಿಯಿಂದ ಮಾವನ ತಂಗಿ ಬಂದರು. ಗಟ್ಟಿ ಬಾಯಿಯ ಹೆಂಗಸು. ಚಹಾ ಕುಡಿದು ನೇರವಾಗಿ ಹೇಳಿದರು: “ಯಣ್ಣಾ, ಹೊರಗಿನಾಕಿನ್ನ ಯಾಕ ಹುಡುಕೂದು? ತಂಗಿ ಮನ್ಯಾಗ ಅದಾಳ. ರೊಟ್ಟಿನೂ ಬಡೀತಾಳ. ಅಕ್ಕನ ಜಾಗಾಕ್ಕ ಈಕಿನ್ನ ಮಾಡಿಬಿಡ್ರಿ.”

ಭಾವ ತಲೆ ತಗ್ಗಿಸಿದರು. ಒಳ್ಳೆಯ ಮನುಷ್ಯ, ಬೇಕು ಎನ್ನಲಿಲ್ಲ, ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಮಾವ ಮಾತ್ರ “ನೋಡೂಣು” ಎಂದರು. ನಮ್ಮ ಕಡೆ ಹಿರಿಯರು ನೋಡೂಣು ಎಂದರೆ ಅರ್ಧ ಆಯಿತೆಂದೇ ಲೆಕ್ಕ. ಅಕ್ಕನ ಸೀರೆಗಳು, ಅಕ್ಕನ ಕೊಣಮಿಗೆ, ಅಕ್ಕನ ಗಂಡ, ಕೊನೆಗೆ ಅಕ್ಕನ ಹಾಗೆ ಕೆಮ್ಮು ಕೇಳಿ ಎದ್ದು ನಿಲ್ಲುವುದು. ನಾನು ಬದುಕಿದ್ದೂ ಕಾಣೆಯಾಗುತ್ತೇನೆ ಅನಿಸಿತು. ಅಂದಿನಿಂದ ಸಿಕ್ಕ ಸಿಕ್ಕ ದೇಶಕ್ಕೆ ಅರ್ಜಿ ಹಾಕತೊಡಗಿದೆ.

ಸರ್ಟಿಫಿಕೇಟ್ ಮಾತ್ರ ಕಳಿಸಿದ ಕಡೆಗಳಿಂದ ಉತ್ತರವೇ ಬರಲಿಲ್ಲ. ಅಂಥ ಸರ್ಟಿಫಿಕೇಟ್ ಇದ್ದವರು ಲೋಕದ ತುಂಬ ಇದ್ದಾರೆ. ಕೆಲವರು ನನ್ನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿಯೇ ನಮಸ್ಕಾರ ಹೇಳಿದರು. ವಿಯೆಟ್ನಾಮಿನ ಒಂದು ಚಿಕ್ಕ ಶಾಲೆ ಪಾಠದ ವೀಡಿಯೊ ಕೇಳಿತು. ನನ್ನ ಹತ್ತಿರ ಇದ್ದದ್ದು ಅದೊಂದೇ. ತೆರೆದು ನೋಡುವ ಶಕ್ತಿ ಇರಲಿಲ್ಲ, ನೋಡದೆಯೇ ಕಳಿಸಿದೆ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅಲ್ಲಿಯ ಮುಖ್ಯಸ್ಥೆ ಆನ್‌ಲೈನ್ ಸಂದರ್ಶನಕ್ಕೆ ಕರೆದರು. ನೋಡುತ್ತಾ ಮಾತಾಡೋಣ ಎಂದು ಅವರ ಕಡೆಯಿಂದಲೇ ವೀಡಿಯೊ ಹಚ್ಚಿದರು. ಅಕ್ಕ ಬಂದಳು. ರೀ ಹಚ್ಚಿ ಒಂದು ವಾಕ್ಯ ಹೇಳಿದಳು. ಎದ್ದಳು, ಸೆರಗು ಎಳೆದಳು, ನಿಂತಳು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

“ಕ್ಷಮಿಸಿ, ನೆಟ್‌ವರ್ಕ್ ನಿಂತಿದೆ ಅನಿಸುತ್ತದೆ. ಮೊದಲಿಂದ ಹಚ್ಚುತ್ತೇನೆ,” ಎಂದರು ಆಕೆ ಇಂಗ್ಲಿಷಿನಲ್ಲಿ.

“ಬೇಡ!” ಎಂದೆ. ಕೂಗಿಬಿಟ್ಟೆ ಎಂದು ಆಮೇಲೆ ತಿಳಿಯಿತು. “ನೆಟ್‌ವರ್ಕ್ ನಿಂತಿಲ್ಲ. ಅವಳು ನಿಂತಿದ್ದಾಳೆ. ದಯವಿಟ್ಟು ಕಾಯಿರಿ, ಈಗ ಕೂರುತ್ತಾಳೆ.”

ಕಾದೆವು, ಇಬ್ಬರೂ. ಹೊರಸು ಕಿರುಗುಟ್ಟಿತು. ಅಕ್ಕ ಕೂತಳು. ಅವಳು ಇನ್ನು ಕೂರುವುದೇ ಇಲ್ಲವೇನೋ ಎಂದು ನನಗೆ ಒಳಗೊಳಗೇ ಜೀವ ಹೋಗಿತ್ತು.

ಆಕೆ ಯಾಕೆ ಹಾಗೆ ಎಂದು ಕೇಳಿದರು, ನಾನು ನಮ್ಮ ಮನೆಯ ಪದ್ಧತಿ ಹೇಳಿದೆ. ಬೇರೆಯವರು ಇಂಥ ಭಾಗ ಕತ್ತರಿಸಿ ಕಳಿಸುತ್ತಾರೆ, ನೀವು ಹಾಗೇ ಕಳಿಸಿದ್ದೀರಿ, ಪಾಠ ಖರೇ ಎಂದು ಗೊತ್ತಾಯಿತು ಎಂದರು. ಮುಂದಿನ ವಾರ ಇದೇ ಪಾಠ ನೇರವಾಗಿ ನೋಡಬೇಕು, ಇವರಿಗೇ ಮಾಡಿ, ಎಷ್ಟು ನೆನಪಿಟ್ಟಿದ್ದಾರೆ ನೋಡೋಣ ಎಂದರು. ಅವರು ತೀರಿಕೊಂಡಿದ್ದಾರೆ ಎಂದೆ. ಆಕೆ ಕ್ಷಮೆ ಕೇಳಿ, ಹಾಗಾದರೆ ಇಂಗ್ಲಿಷ್ ಬಾರದ ಯಾರಾದರೂ ಸರಿ ಎಂದರು.

ಯಾರಾದರೂ ಎಂದರೆ ಯಾರು? ಓಣಿಯ ಹೆಂಗಸರನ್ನು ಕೇಳಿದೆ. “ಆಕಿ ಕುಂತ ಜಾಗಾದಾಗ ನಾವ್ ಕುಂದ್ರಾಂಗಿಲ್ಲವಾ” ಎಂದರು. ರೊಟ್ಟಿಗೆ ಬಂದು ಚೀರಿದವಳ ಕಥೆ ಊರೆಲ್ಲ ಹರಡಿತ್ತು. ಪಡಸಾಲೆಯಲ್ಲಿ ಮಾವ ಇದ್ದಾರೆಂಬುದನ್ನೂ ಮರೆತು ನಾನು ಫೋನಿನಲ್ಲಿ ಗೆಳತಿಯೊಬ್ಬಳ ಮುಂದೆ ಅತ್ತುಬಿಟ್ಟೆ: ಈ ಪಾಠ ಆಗದಿದ್ದರೆ ಇದೇ ಮನೆಯಲ್ಲಿ ಅಕ್ಕನಾಗಿ ಸಾಯಬೇಕು ಎಂದೆ.

ಪಾಠ ತೋರಿಸಬೇಕಾದ ದಿನ ಭಾವ ಮಿಲ್ಲಿಗೆ ಹೋಗಿದ್ದರು. ಭರಣಿಗೆ ಮೊಬೈಲು ಆನಿಸಿ, ಎದುರಿಗೆ ಖಾಲಿ ಚಾಪೆ ಹಾಸಿ ಕುಳಿತಿದ್ದೆ. ಯಾರೂ ಸಿಗಲಿಲ್ಲ ಎಂದು ಹೇಳುವುದೊಂದೇ ಬಾಕಿ. ತೆರೆಯ ಮೇಲೆ ಆಕೆಯ ಮುಖ ಮೂಡಿತು. ಅದೇ ಹೊತ್ತಿಗೆ ಹೊಸ್ತಿಲಲ್ಲಿ ಕೆಮ್ಮು.

ಮಾವ ಎಂದಿನಂತೆ ಸ್ವಲ್ಪ ನಿಂತರು. ಆದರೆ ಹಿತ್ತಲ ಕಡೆ ಹೋಗಲಿಲ್ಲ. ಬಂದು, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಚಾಪೆಯ ಮೇಲೆ ಕುಳಿತರು. ಅವರು ನಡುಮನೆಯಲ್ಲಿ ಕೂತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ರುಮಾಲು ಸರಿಮಾಡಿಕೊಂಡು ನನ್ನತ್ತ ನೋಡದೆ ಹೇಳಿದರು: “ನಡಿಸ್ರಿ, ಮೇಡಂ.”

ಹೇಗೋ ಮೊದಲ ಪ್ರಶ್ನೆ ಕೇಳಿದೆ. ಉತ್ತರ ನಾನೇ ಹೇಳಿಕೊಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

“ಐ ವೇಕ್ ಅಪ್ ಅಟ್ ಫೈವ್ ರೀ.”

ನಿಲ್ಲಿಸಿದರು. ಹಿತ್ತಲ ಬಾಗಿಲ ಕಡೆ ನೋಡಿದರು. ಬೆರಳು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು, ಶಬ್ದಕ್ಕೊಂದು ಏಟು.

“ಐ ಮೇಕ್ ರೊಟ್ಟಿ.”

ನಾನು ಎದ್ದು ನಿಂತೆ. ಯಾಕೆಂದು ಗೊತ್ತಿಲ್ಲ, ಕೈ ತಾನಾಗಿ ದುಪಟ್ಟಾವನ್ನು ತಲೆಯ ಮೇಲೆ ಎಳೆದಿತ್ತು. ತೆರೆಯಾಚೆಯಾಕೆ ಈ ಸಲ ನೆಟ್‌ವರ್ಕಿನ ಮಾತೆತ್ತಲಿಲ್ಲ.

“ಆಕಿ ರೊಟ್ಟಿ ಬಡಕೊಂತ ಅಂತಿದ್ಲು, ನಾ ಹೊರಗ ಕುಂತು ಕೇಳತಿದ್ದೆ,” ಎಂದರು ಮಾವ. “ನಾ ಬಂದ್ರ ಸುಮ್ಮಾಗತಾಳಂತ ಎಷ್ಟೋ ಸಲ ಒಳಗ ಬರಲಾರದ ಕುಂತೇನಿ. ಕುಂದ್ರ ಯವ್ವಾ, ಪಾಠ ಮುಗಸು. ಸವದತ್ತ್ಯಾಕಿಗೆ ಬ್ಯಾಡಂತ ನಾ ಹೇಳತೇನಿ. ನೀ ಹೋಗಾಕಿ.”

ನಾನು ಕುಳಿತೆ. ದುಪಟ್ಟಾ ಸರಿಮಾಡಿಕೊಂಡು ಮುಂದಿನ ಪ್ರಶ್ನೆ ಕೇಳಿದೆ.