ವಿಭೂತಿಗೊಂದು ನೆರಳು

ಅಪ್ಪ ಬಸವಕಲ್ಯಾಣದ ಮನೆಯ ಹಿತ್ತಲಲ್ಲಿ ಸಗಣಿಯ ಕುಳ್ಳು ಸುಟ್ಟು, ಬೂದಿ ಸೋಸಿ, ವಿಭೂತಿ ಗಟ್ಟಿ ಕಟ್ಟುತ್ತಾ ಬಂದವನು. ಪಾಕೀಟಿನ ಪುಡಿ ಬಂದಮೇಲೆ ಕೇಳುವವರು ಕಡಿಮೆಯಾದರು. "ಸಾಕವ್ವ, ಈ ಸಲದ್ದೇ ಆಖರಿ," ಅಂದುಬಿಟ್ಟ. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಹುಮನಾಬಾದಿನಲ್ಲಿ ಅಂಗಡಿ ಇಟ್ಟು ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಮಾಡುತ್ತಿದ್ದವಳು ಆಗಷ್ಟೇ ವೆಬ್‌ಸೈಟ್ ಮಾಡಲು ಕೈಹಾಕಿದ್ದೆ. ಊರಿನವರಿಗೆ ಮಾಡಿಕೊಡುವವಳು ಅಪ್ಪನದ್ದು ಬಿಡಲೇ?

"ಒಂದು ಪೇಜ್ ಮಾಡ್ತೀನಪ್ಪ, ದೂರದವರೂ ನೋಡಿ ತರಸ್ಕೋತಾರ."

"ಮಾಡು. ಅದು ನನ್ನ ಮನಸಿಗಿ ಬಂತಂದ್ರ ಮತ್ತ ವಿಭೂತಿ ಮಾಡ್ತೀನಿ. ಬರ್ಲಿಲ್ಲಂದ್ರ ಬಂದ್."

ಪುಟಕ್ಕೆ ಕಾವಿ ಬಣ್ಣವೇ ಬೇಕೆಂದ. ಗಟ್ಟಿಯ ಫೋಟೋ ತೆಗೆದು, ಗಟ್ಟಿಯೊಂದನ್ನೇ ಅಂಚಿಗುಂಟ ಕತ್ತರಿಸಿ, ಕಾವಿಯ ಮೇಲಿಟ್ಟು, ಬಸ್ಸು ಹತ್ತಿ ಹೋಗಿ ತೋರಿಸಿದೆ. ಅಪ್ಪ ಫೋನನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಇದೇನವ್ವ, ಗಾಳ್ಯಾಗ ತೇಲಾಕತ್ತದ! ನೆರಳ ಎಲ್ಲ್ಯದ? ನೆರಳಿಲ್ದಿರಾದು ದೆವ್ವಕ್ಕ. ವಿಭೂತಿ ಕಂಡ್ರ ದೆವ್ವ ಓಡಿ ಹೋಗ್ತದ, ನೀ ವಿಭೂತೀನೇ ದೆವ್ವ ಮಾಡೀದಿ!"

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಮಾತು ಖರೆ ಇತ್ತು.

ಹುಮನಾಬಾದಿಗೆ ಮರಳಿ, ಬೇರೆ ಹಾಳೆಯಲ್ಲಿ ಬೂದು ಬಣ್ಣದ ನೆರಳು ಬಳಿದು, ಗಟ್ಟಿಯ ಕೆಳಗಿಟ್ಟು ಕಳಿಸಿದೆ. ಅಪ್ಪನ ಫೋನು ಬಂತು: "ನೆರಳ ಛಲೋ ಅದ. ಸುತ್ತ ಬಿಳಿ ಡಬ್ಬಿ ಯಾಕ?"

ಅಯ್ಯೋ ನನ್ನ ಕರ್ಮ! ನೆರಳಿನ ಚಿತ್ರ ತನ್ನ ಬಿಳಿ ಹಾಳೆಯನ್ನೂ ಹೊತ್ತುಕೊಂಡೇ ಬಂದು ಕಾವಿಯ ಮೇಲೆ ತೇಪೆಯಂತೆ ಕೂತಿತ್ತು. ಬಿಳಿ ಕಾಗದದ ಕಾರ್ಡಿನಲ್ಲಿ ಈ ಫಜೀತಿ ಎಂದೂ ಆಗಿರಲಿಲ್ಲ. ಕಿಟಕಿಯಾಚೆ ಬೇವಿನ ನೆರಳು ಬಿದ್ದಿತ್ತು. ಅದರಡಿ ಮಣ್ಣು ಮಾಯವಾಗಿತ್ತೇ? ಅದೇ ಕೆಂಪು ಮಣ್ಣು, ತುಸು ಕಪ್ಪಾಗಿ ಕಾಣುತ್ತಿತ್ತು, ಅಷ್ಟೇ.

ಹಾಗಾದರೆ ನನ್ನ ನೆರಳಿನೊಳಗಿಂದಲೂ ಕೆಳಗಿನದು ಕಾಣಬೇಕು! ಹಾಳೆಯ ಬಿಳಿಯನ್ನು ಪೂರ್ತಿ ಅಳಿಸಿ ಖಾಲಿ ಮಾಡಿದೆ. ಆ ಖಾಲಿಯ ಮೇಲೆ ಕಪ್ಪು ಬಳಿದು, ಅಂಚು ಮಸುಕಾಗಿಸಿ, ಅರೆಪಾರದರ್ಶಕವಾಗುವಷ್ಟು ತೆಳುಗೊಳಿಸಿದೆ. ಗಟ್ಟಿಯ ಬುಡಕ್ಕೆ ತುಸು ದಟ್ಟವಾದ ಇನ್ನೊಂದು ಪದರ. ಜೆಪಿಜಿ ಫೈಲ್ ಮಾಡಿದರೆ ಖಾಲಿ ಜಾಗ ಮತ್ತೆ ಬಿಳಿಯಾಗುತ್ತದೆಂದು, ಖಾಲಿಯನ್ನು ಖಾಲಿಯಾಗಿಯೇ ಉಳಿಸುವ ಪಿಎನ್‌ಜಿ ಮಾಡಿ ಕಾವಿಯ ಮೇಲಿಟ್ಟೆ.

ಅಬ್ಬಬ್ಬಾ! ನೆರಳಿನೊಳಗಿಂದ ಕಾವಿ ಕಂಡಿತು! ತೇಲುತ್ತಿದ್ದ ಗಟ್ಟಿ ನೆಲ ಹಿಡಿದು ಕೂತಿತು. ಕಾವಿ ತೆಗೆದು ಹಸಿರು ಹಾಕಿದೆ, ಹಳದಿ ಹಾಕಿದೆ; ಎಲ್ಲ ಬಣ್ಣಕ್ಕೂ ಒಪ್ಪಿತು. ನಾನು ಕುರ್ಚಿಯಿಂದೆದ್ದು ಚಪ್ಪಾಳೆ ಹೊಡೆದದ್ದಕ್ಕೆ ಪಕ್ಕದ ಅಂಗಡಿಯವರು ಇಣುಕಿದರು.

"ಏನಾತ್ರಿ ಅಕ್ಕೋರೆ, ಲಾಟ್ರಿ ಹತ್ತ್ಯದೇನ್ರಿ?"

"ಅದಕ್ಕಿಂತ ದೊಡ್ಡದ್ರಿ!" ಎಂದು ಬಾಗಿಲೆಳೆದು ಬಸ್‌ಸ್ಟ್ಯಾಂಡಿಗೆ ಓಡಿದೆ.

ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದ. ಆಮೇಲೆ ಮೂರು ಬೆರಳು ಚಾಚಿ, ಫೋನಿನ ಗಾಜಿನ ಮೇಲಿನ ವಿಭೂತಿಯನ್ನು ಉಜ್ಜಿ, ಹಣೆಗೆ ಒಯ್ಯುತ್ತಿದ್ದವನು ಅರ್ಧಕ್ಕೇ ನಿಂತ. ಬರಿಯ ಬೆರಳು ನೋಡಿಕೊಂಡು ಜೋರಾಗಿ ನಕ್ಕ.

"ಏ, ಕೇಳಿಲ್ಲಿ," ಎಂದು ಅವ್ವನನ್ನು ಕೂಗಿದ. "ಮೋರಖಂಡಿ ಊರಿನ ಕುಳ್ಳಿನವ್ರಿಗಿ ಫೋನ್ ಹಚ್ಚು. ನಾಳಿಗಿ ಒಂದು ಗಾಡಿ ಕುಳ್ಳು ತಂದು ಹಾಕ್ಲಿ ಅಂತ ಹೇಳು."